ಪ್ರಶ್ನೆ ಹೊಲದ್ದು, ಉತ್ತರ ಪ್ರಯೋಗಾಲಯದ್ದು: ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆ ನಡೆಯುವ ಬಗೆ

ವಿಶ್ವವಿದ್ಯಾಲಯದ ಕೆಲಸ ಮೂರು ಎನ್ನುವುದು ವಾಡಿಕೆ: ಬೋಧನೆ, ಸಂಶೋಧನೆ, ವಿಸ್ತರಣೆ. ಮೊದಲೆರಡನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂರನೆಯದೆಂದರೆ ಕರಪತ್ರ ಹಂಚುವುದು, ವರ್ಷಕ್ಕೊಂದು ಮೇಳ ನಡೆಸುವುದು, ಜನರನ್ನು ಕೂರಿಸಿಕೊಂಡು ಭಾಷಣ ಮಾಡುವುದು ಎಂಬ ಭಾವನೆಯೇ ಹೆಚ್ಚು. ಅವೆಲ್ಲ ಇರುತ್ತವೆ, ನಿಜ. ಆದರೆ ಅಸಲು ಕೆಲಸ ಬೇರೆ. ಸಂಶೋಧನಾ ತಾಕಿನಲ್ಲಿ ಸಾಬೀತಾದ ಸಂಗತಿ ಬೇರೆ ಮಣ್ಣಿನಲ್ಲಿ, ಬೇರೆ ಮನೆಯಲ್ಲಿ, ಬೇರೆ ಆದಾಯದವರ ಕೈಯಲ್ಲಿ ನಿಲ್ಲುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಬೇಕು. ನಿಲ್ಲದಿದ್ದರೆ ಆ ಸುದ್ದಿಯನ್ನು ಸಂಶೋಧಕರಿಗೆ ವಾಪಸ್ ಮುಟ್ಟಿಸಬೇಕು. ಈ ಮರುದಾರಿ ಮುಚ್ಚಿಹೋದ ಕಡೆ ವಿಸ್ತರಣೆ ಬರೀ ಪ್ರಚಾರವಾಗುತ್ತದೆ.

ಇಂದಿನ ರೂಪದ ವಿಸ್ತರಣಾ ವ್ಯವಸ್ಥೆ ಗಟ್ಟಿಯಾದದ್ದು ಅಮೆರಿಕದಲ್ಲಿ, ಅರ್ಧ ಶತಮಾನದ ಅವಧಿಯಲ್ಲಿ ಬಂದ ಮೂರು ಕಾಯ್ದೆಗಳಿಂದ. 1862ರ ಮೊರಿಲ್ ಕಾಯ್ದೆ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳಿಗಾಗಿ ರಾಜ್ಯಗಳಿಗೆ ಸರ್ಕಾರಿ ಜಮೀನು ಕೊಟ್ಟಿತು: ರಾಜ್ಯದಿಂದ ಸಂಸತ್ತಿನಲ್ಲಿದ್ದ ಪ್ರತಿ ಸದಸ್ಯನ ಲೆಕ್ಕಕ್ಕೆ 30,000 ಎಕರೆ. ಕಾಲೇಜು ತೆರೆದ ಮೇಲೆ ಒಂದು ಕೊರತೆ ಕಣ್ಣಿಗೆ ಬಿತ್ತು. ಬೇಸಾಯದ ಬಗ್ಗೆ ಪರೀಕ್ಷಿಸಿ ಖಚಿತಪಡಿಸಿಕೊಂಡ ಪಾಠ ಹೆಚ್ಚೇನೂ ಇರಲಿಲ್ಲ. 1887ರ ಹ್ಯಾಚ್ ಕಾಯ್ದೆ ಪ್ರತಿ ರಾಜ್ಯದಲ್ಲೂ ಪ್ರಯೋಗ ಕೇಂದ್ರಕ್ಕೆ ಹಣ ಒದಗಿಸಿತು. ಫಲಿತಾಂಶಗಳು ಬರತೊಡಗಿದವು, ವರದಿಗಳಾಗಿ ಅಚ್ಚಾದವು, ಕಪಾಟು ಸೇರಿದವು. ಅವುಗಳನ್ನು ಊರೂರಿಗೆ ಒಯ್ಯುವ ಜವಾಬ್ದಾರಿಯನ್ನು 1914ರ ಸ್ಮಿತ್-ಲೀವರ್ ಕಾಯ್ದೆ ವಿಶ್ವವಿದ್ಯಾಲಯಗಳಿಗೇ ಹೊರಿಸಿತು. ವೆಚ್ಚವನ್ನು ಕೇಂದ್ರ, ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದು) ಮೂವರೂ ಹಂಚಿಕೊಳ್ಳುವುದರಿಂದ ಇದಕ್ಕೆ ಸಹಕಾರಿ ವಿಸ್ತರಣೆ ಎಂದು ಹೆಸರು. ಕೌಂಟಿಯ ಹಣವೂ ಸೇರಿರುವುದರಿಂದ ಸ್ಥಳೀಯರಿಗೆ ಕೇಳುವ ಹಕ್ಕಿದೆ. ಈ ಸಣ್ಣ ವ್ಯವಸ್ಥೆಯೇ ಸೇವೆಯನ್ನು ರಾಜಧಾನಿಯ ಇಲಾಖೆಯಾಗದಂತೆ ಉಳಿಸಿದೆ.

ಕಾಯ್ದೆಗಿಂತ ಮೊದಲೇ ವಿಧಾನ ಸಿದ್ಧವಾಗಿತ್ತು. ಸರ್ಕಾರ ತಾನೇ ನಡೆಸುತ್ತಿದ್ದ ಮಾದರಿ ತೋಟಗಳನ್ನು ನೋಡಿದ ರೈತರು "ಸರ್ಕಾರದ ದುಡ್ಡಿದ್ದರೆ ಯಾರು ಬೇಕಾದರೂ ಬೆಳೆಯಬಹುದು" ಎಂದು ಮನೆಗೆ ಹೋಗುತ್ತಿದ್ದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. 1903ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಟೆಕ್ಸಾಸಿನ ಟೆರೆಲ್ ಊರಿನಲ್ಲಿ ಇದನ್ನು ತಿರುಗಿಸಿದರು. ಜಮೀನು ರೈತನದೇ, ದುಡಿಮೆ ರೈತನದೇ, ಕ್ರಮ ಮಾತ್ರ ನ್ಯಾಪ್ ಹೇಳಿದ್ದು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಸ್ಥರು ಒಂದು ನಿಧಿ ಕೂಡಿಸಿಟ್ಟಿದ್ದರು. ಲಾಭ ಬಂತು, ನಿಧಿ ಮುಟ್ಟಬೇಕಾಗಲಿಲ್ಲ. ಆಗ ಮೆಕ್ಸಿಕೋ ಕಡೆಯಿಂದ ಬಂದ ಹತ್ತಿಕಾಯಿ ಮೂತಿಹುಳು ಟೆಕ್ಸಾಸಿನ ಹತ್ತಿಯನ್ನು ತಿನ್ನುತ್ತಿದ್ದುದರಿಂದ ಈ ಪದ್ಧತಿ ಬೇಗ ಹಬ್ಬಿತು. 1906ರಲ್ಲಿ ಅಲಬಾಮಾದ ಕಪ್ಪುಜನರ ಶಿಕ್ಷಣ ಸಂಸ್ಥೆಯಾದ ಟಸ್ಕೀಗಿಯಿಂದ, ಅಲ್ಲಿನ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ರೂಪಿಸಿದ ಜೆಸಪ್ ಬಂಡಿ ಹೊರಟಿತು. ಕುದುರೆ ಎಳೆಯುತ್ತಿದ್ದ ಆ ಸಂಚಾರಿ ಶಾಲೆ ಉಪಕರಣಗಳನ್ನು ಹೇರಿಕೊಂಡು ಕಪ್ಪುಜನರ ಹೊಲಗಳಿಗೇ ಹೋಗುತ್ತಿತ್ತು. ಆದರೂ 1914ರ ಹಣ ಯಾವ ಕಾಲೇಜಿಗೆ ಸೇರಬೇಕೆಂಬ ತೀರ್ಮಾನ ರಾಜ್ಯಗಳ ಕೈಯಲ್ಲಿದ್ದುದರಿಂದ ದಕ್ಷಿಣದ ರಾಜ್ಯಗಳಲ್ಲಿ ಅದು ಬಿಳಿಯರ ಕಾಲೇಜುಗಳ ಪಾಲಾಯಿತು. 1890ರ ಎರಡನೆಯ ಮೊರಿಲ್ ಕಾಯ್ದೆಯಡಿ ಬೆಳೆದ ಕಪ್ಪುಜನರ ಕಾಲೇಜುಗಳಿಗೆ ವಿಸ್ತರಣೆಗೆಂದು ನೇರ ಹಣ ಕಾನೂನಿನಲ್ಲಿ ಬಂದದ್ದು 1977ರಲ್ಲಿ. ಎಲ್ಲರಿಗೂ ಎಂದು ಬರೆದ ಯೋಜನೆ ಯಾರನ್ನು ಬಿಟ್ಟುಬಿಡುತ್ತದೆ ಎಂಬುದು ಹಣ ಹರಿಯುವ ಕಾಲುವೆಯಲ್ಲೇ ತೀರ್ಮಾನವಾಗಿರುತ್ತದೆ.

ಇದೇ ಮಾದರಿ ಬೇರೆ ದೇಶಗಳಿಗೂ ಹೋಯಿತು. ಭಾರತದಲ್ಲಿ 1960ರ ಪಂತನಗರ ವಿಶ್ವವಿದ್ಯಾಲಯ ಆ ಅಚ್ಚಿನದು. 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ಶುರುವಾಯಿತು.

ಸಿಬ್ಬಂದಿಯ ಏರ್ಪಾಡು ಸರಳ. ಕ್ಯಾಂಪಸ್ಸಿನಲ್ಲಿ ವಿಷಯತಜ್ಞರು: ಮಣ್ಣು, ಕೀಟ, ಪಶು, ಪೋಷಣೆ, ಮನೆಯ ಹಣಕಾಸು. ಕೌಂಟಿ ಅಥವಾ ಜಿಲ್ಲೆಯಲ್ಲಿ ಎಲ್ಲ ವಿಷಯವೂ ಒಂದಿಷ್ಟು ಗೊತ್ತಿರುವ ವಿಸ್ತರಣಾಧಿಕಾರಿ. ಅವರ ಕೆಳಗೆ ತರಬೇತಿ ಪಡೆದ ಸ್ವಯಂಸೇವಕರು. ವಿಷಯತಜ್ಞ ಎಷ್ಟೇ ದೊಡ್ಡವನಾದರೂ ಯಾವ ಓಣಿಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಅವನಿಗೆ ತಿಳಿಯದು. ಅದು ಗೊತ್ತಿರುವುದು ಮಧ್ಯದವನಿಗೆ. ಆ ಹುದ್ದೆ ಖಾಲಿ ಬಿದ್ದರೆ ಮೇಲೂ ಕೆಳಗೂ ಎಷ್ಟು ಜನರಿದ್ದರೂ ಪ್ರಯೋಜನವಿಲ್ಲ. ಹೊಸಬ ಬಂದು ಜನರ ವಿಶ್ವಾಸ ಗಳಿಸುವುದಕ್ಕೆ ಒಂದೆರಡು ಬೆಳೆಗಾಲ ಹೋಗುತ್ತದೆ.

ಒಂದು ಬಕೆಟ್ ಮಣ್ಣು

ಈ ಯಂತ್ರ ಹೇಗೆ ಓಡುತ್ತದೆ ಎಂದು ನೋಡಲು ಮಣ್ಣು ಪರೀಕ್ಷೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಒಂದು ಎಕರೆಯ ಮೇಲ್ಪದರ, ಅಂದರೆ ಉಳುಮೆಯ ಆಳದ ಮಣ್ಣು, ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಪ್ರಯೋಗಾಲಯ ಒಂದೊಂದು ಪರೀಕ್ಷೆಗೆ ಬಳಸುವುದು ಕೆಲವೇ ಗ್ರಾಂ. ಹಾಗಾಗಿ ತಪ್ಪು ನಡೆಯುವುದು ಯಂತ್ರದಲ್ಲಿ ಕಡಿಮೆ, ಬಕೆಟ್ಟಿನಲ್ಲಿ ಹೆಚ್ಚು.

ಅಂಕುಡೊಂಕಾಗಿ ನಡೆಯುತ್ತ 10ರಿಂದ 15 ಕಡೆ ಮಣ್ಣು ತೆಗೆಯಬೇಕು. ಮೇಲಿನ ಕಸಕಡ್ಡಿ ಸರಿಸಿ, 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿನಿಂದ ತಳದವರೆಗೆ ಒಂದೇ ದಪ್ಪಕ್ಕೆ, ಸುಮಾರು 2 ಸೆಂ.ಮೀ., ಹೋಳು ಕತ್ತರಿಸಬೇಕು. ಬದುವಿನ ಅಂಚು, ಗೊಬ್ಬರ ರಾಶಿ ಹಾಕಿದ್ದ ಜಾಗ, ಮರದ ನೆರಳು, ನೀರು ನಿಲ್ಲುವ ತಗ್ಗು, ಈಚೆಗೆ ಗೊಬ್ಬರ ಕೊಟ್ಟ ಸಾಲು, ಇವೆಲ್ಲ ಬೇಡ. ಬಣ್ಣದಲ್ಲಿ, ಇಳಿಜಾರಿನಲ್ಲಿ ಕಾಣುವಷ್ಟು ವ್ಯತ್ಯಾಸವಿದ್ದರೆ ಅದು ಬೇರೆಯೇ ಮಾದರಿ. ಎರಡನ್ನೂ ಬೆರೆಸಿದರೆ ಸಿಗುವ ಸರಾಸರಿ ಹೊಲದ ಯಾವ ಭಾಗಕ್ಕೂ ಸೇರಿದ್ದಲ್ಲ. ಸತು ಲೇಪದ ಕಬ್ಬಿಣದ ಬಕೆಟ್ ಬಳಸಿದರೆ ವರದಿಯಲ್ಲಿ ಸತು ಏರುತ್ತದೆ, ಆದ್ದರಿಂದ ಪ್ಲಾಸ್ಟಿಕ್ಕಿನದೇ ಇರಲಿ. ಚೆನ್ನಾಗಿ ಬೆರೆಸಿ, ಹರಡಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಸಾಡಿ, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಬೇಕು. ಒಣಗಿಸುವುದು ನೆರಳಿನಲ್ಲಿ; ಬಿಸಿಲಿಗೂ ಒಲೆಗೂ ಇಡುವಂತಿಲ್ಲ. ಕೊನೆಗೆ ಆ ಮಣ್ಣನ್ನು ಖಾಲಿ ಗೊಬ್ಬರದ ಚೀಲದಲ್ಲಿ ಕಟ್ಟಿ ಕಳಿಸುವವರಿದ್ದಾರೆ. ಆ ವರದಿ ಬರುವುದು ಚೀಲದ ಬಗ್ಗೆ.

ಇನ್ನು ವರದಿಯಲ್ಲಿನ ಅಂಕಿ. ರಂಜಕ ಇಷ್ಟು ಎಂದು ಬರೆದಿದ್ದರೆ ಮಣ್ಣಿನಲ್ಲಿರುವ ಒಟ್ಟು ರಂಜಕ ಅಷ್ಟೇ ಎಂದು ಅರ್ಥವಲ್ಲ. ಒಂದು ರಾಸಾಯನಿಕ ದ್ರಾವಣ ನಿರ್ದಿಷ್ಟ ಹೊತ್ತಿನಲ್ಲಿ ಎಷ್ಟನ್ನು ಕರಗಿಸಿ ಎಳೆಯಿತು ಎಂಬ ಸೂಚ್ಯಂಕ ಅದು. ಕ್ಷಾರೀಯ ಮಣ್ಣಿಗೆ ಓಲ್ಸನ್ ವಿಧಾನ, ಆಮ್ಲೀಯ ಮಣ್ಣಿಗೆ ಬ್ರೇ ವಿಧಾನ ಹೊಂದುತ್ತದೆ. ಒಂದೇ ಮಣ್ಣಿಗೆ ಎರಡು ಬೇರೆ ಅಂಕಿ ಬರುತ್ತವೆ, ಎರಡೂ ಸರಿಯೇ. ವಿಧಾನದ ಹೆಸರು ನೋಡದೆ ಎರಡು ಪ್ರಯೋಗಾಲಯಗಳ ವರದಿ ಹೋಲಿಸಿ ಜಗಳಕ್ಕೆ ನಿಲ್ಲುವುದು ವ್ಯರ್ಥ.

ಆ ಸೂಚ್ಯಂಕಕ್ಕೆ ಅರ್ಥ ಬರುವುದು ಹೊಲದಲ್ಲಿ. ಒಂದೇ ಬಗೆಯ ಮಣ್ಣಿರುವ ಹತ್ತಾರು ಜಾಗಗಳಲ್ಲಿ, ಸೊನ್ನೆಯಿಂದ ಶುರುಮಾಡಿ ನಾಲ್ಕೈದು ಪ್ರಮಾಣಗಳಲ್ಲಿ ಗೊಬ್ಬರ ಕೊಟ್ಟು, ಹಲವು ವರ್ಷ ಇಳುವರಿ ತೂಗಿ, ಯಾವ ಅಂಕಿಯ ಮೇಲೆ ಗೊಬ್ಬರ ಹಾಕಿದರೂ ಬೆಳೆ ಹೆಚ್ಚಾಗುವುದಿಲ್ಲ ಎಂದು ಕಂಡುಹಿಡಿಯುತ್ತಾರೆ. ಈ ಹೊಂದಾಣಿಕೆ ಪ್ರಯೋಗಕ್ಕೆ ವರ್ಷಗಳು ಹಿಡಿಯುತ್ತವೆ. ಕೊನೆಗೆ ಸಿಗುವ ಉತ್ತರ ಎಷ್ಟೋ ಸಲ "ಈ ವರ್ಷ ರಂಜಕ ಹಾಕಬೇಡಿ" ಎಂಬುದು. ಏನೂ ಕೊಳ್ಳಬೇಡಿ ಎಂದು ಹೇಳುವುದಕ್ಕೆ ವರ್ಷಗಟ್ಟಲೆ ಖರ್ಚು ಮಾಡುವ ಮಾರಾಟ ಸಂಸ್ಥೆ ಇರಲಾರದು. ಸಾರ್ವಜನಿಕ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಪ್ರಕಾರ ಇದೊಂದೇ ಸಾಕು.

ತೋರಿಸುವುದು ಮತ್ತು ನಂಬಿಸುವುದು

ಪ್ರಾತ್ಯಕ್ಷಿಕೆಯಲ್ಲಿ ಎರಡು ಬಗೆ. ಕಸಿ ಕಟ್ಟುವುದು, ಬೀಜೋಪಚಾರ ಮಾಡುವುದು ಮುಂತಾದ ಕೈಕೆಲಸ ಕಲಿಸುವುದು ವಿಧಾನ ಪ್ರಾತ್ಯಕ್ಷಿಕೆ. ನೋಡಿದವರೆಲ್ಲ ಅಲ್ಲೇ ಒಮ್ಮೆ ಮಾಡಿ ತೋರಿಸಿದರೆ ಮಾತ್ರ ಅದು ಮುಗಿದಂತೆ. ಹೊಸ ತಳಿ ಅಥವಾ ಗೊಬ್ಬರದ ಕ್ರಮದಿಂದ ಏನು ಬಂತು ಎಂದು ಕಾಣಿಸುವುದು ಫಲಿತಾಂಶ ಪ್ರಾತ್ಯಕ್ಷಿಕೆ, ಇದಕ್ಕೆ ಇಡೀ ಬೆಳೆಗಾಲ ಬೇಕು.

ಎರಡನೆಯದು ಕೆಡುವ ಬಗೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಹೊಸ ತಳಿಯ ಜೊತೆ ಹೊಸ ಗೊಬ್ಬರ, ಹೊಸ ಅಂತರ, ಹೆಚ್ಚಿಗೆ ನೀರು ಎಲ್ಲವನ್ನೂ ಒಟ್ಟಿಗೆ ಕೊಟ್ಟರೆ ಇಳುವರಿ ಏರಿದ್ದು ಯಾವುದರಿಂದ ಎಂದು ಹೇಳಲಾಗದು. ಪಕ್ಕದಲ್ಲಿ ರೈತನ ರೂಢಿಯ ಪಟ್ಟಿ ಇರದಿದ್ದರೆ ಹೋಲಿಕೆಯೇ ಇಲ್ಲ. ಒಂದೇ ಜೊತೆ ಪಟ್ಟಿ ಹಾಕಿದರೆ ಮಣ್ಣಿನ ವ್ಯತ್ಯಾಸವೇ ತಳಿಯ ಗುಣವಾಗಿ ಕಾಣಬಹುದು. ಹೊಸದು-ಹಳೆಯದು ಜೋಡಿಯನ್ನು ಮೂರು ನಾಲ್ಕು ಕಡೆಯಾದರೂ ಹಾಕಬೇಕು, ಕಟಾವನ್ನು ಕಣ್ಣಂದಾಜಿನಲ್ಲಿ ಅಳೆಯದೆ ತೂಗಬೇಕು, ಕಾಳಿನ ತೇವಾಂಶ ಸರಿಹೊಂದಿಸಬೇಕು. ಒಳಸುರಿಗಳನ್ನೆಲ್ಲ ಪುಕ್ಕಟೆ ಕೊಟ್ಟ ಪ್ರಾತ್ಯಕ್ಷಿಕೆಯಲ್ಲಿ ಲಾಭದ ಲೆಕ್ಕ ಹೇಗೂ ಸುಳ್ಳು. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಆಯ್ಕೆಯದು: ನೀರಾವರಿ ಇರುವ, ರಸ್ತೆ ಪಕ್ಕದ, ಅಧಿಕಾರಿ ಬಂದರೆ ಕುರ್ಚಿ ಹಾಕುವ ರೈತನ ಹೊಲವೇ ಪ್ರತಿ ವರ್ಷ ಸಿಗುತ್ತದೆ. ಅಲ್ಲಿ ಗೆದ್ದ ಕ್ರಮ ಮಳೆಯನ್ನೇ ನಂಬಿದ ಪಕ್ಕದವನಿಗೆ ಏನನ್ನೂ ಹೇಳುವುದಿಲ್ಲ. ಅವನು ಅನುಸರಿಸದಿದ್ದರೆ ಅದನ್ನು ಅಜ್ಞಾನ ಎನ್ನುವುದು ಅನ್ಯಾಯ.

ಒಳ್ಳೆಯ ಸಂಗತಿಯೂ ತಡವಾಗಿಯೇ ಹರಡುತ್ತದೆ. ಅಯೋವಾದ ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಒಪ್ಪಿಕೊಂಡ ಬಗೆಯನ್ನು ರಯಾನ್ ಮತ್ತು ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1943ರಲ್ಲಿ ಪ್ರಕಟಿಸಿದರು. 259 ರೈತರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ಕೊನೆಗೆ ಒಪ್ಪಿದ್ದರು, ಆದರೆ ಮೊದಲು ಕೇಳಿದಂದಿನಿಂದ ಒಪ್ಪುವ ತನಕ ಸರಾಸರಿ ಒಂಬತ್ತು ವರ್ಷ ಕಳೆದಿತ್ತು. ಸುದ್ದಿ ತಂದವರಲ್ಲಿ ಬೀಜ ಮಾರುವವರು ಮುಂದೆ. ನಂಬಿಸಿದವರಲ್ಲಿ ನೆರೆಯವರು ಮುಂದೆ. ಮೊದಲು ಸಣ್ಣ ತುಂಡಿನಲ್ಲಿ ಹಾಕಿ ನೋಡಿ, ಆಮೇಲೆ ಹೆಚ್ಚಿಸಿದವರೇ ಬಹಳ. ಹೀಗಿರುವಾಗ ಮೂರು ವರ್ಷದ ಯೋಜನೆಗೆ ಹಣ ಕೊಟ್ಟು ಮೂರನೆಯ ವರ್ಷವೇ ಪರಿಣಾಮ ಕೇಳುವ ಪದ್ಧತಿ ಎಲ್ಲಿಂದ ಬಂತೋ!

ನಗರಕ್ಕೆ ಇದರಿಂದ ಏನು

ನಗರದವರು ಈ ಸೇವೆಯನ್ನು ಕೇಳತೊಡಗಿದ್ದು ಯಾರೂ ಯೋಜಿಸಿದ್ದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದ ಸುತ್ತಮುತ್ತ ಮನೆತೋಟದ ಪ್ರಶ್ನೆಗಳ ಫೋನ್ ಕರೆ ವಿಪರೀತವಾಗಿ, ವಿಸ್ತರಣಾಧಿಕಾರಿಗಳಿಗೆ ಬೇರೆ ಕೆಲಸವೇ ಸಾಗದಂತಾಯಿತು. 1970ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯ ಮಾಸ್ಟರ್ ಗಾರ್ಡನರ್ ಎಂಬ ಉಪಾಯ ಹೂಡಿತು: ಆಸಕ್ತರಿಗೆ ವಿಶ್ವವಿದ್ಯಾಲಯ ತರಬೇತಿ ಕೊಡುತ್ತದೆ, ಅವರು ಅದಕ್ಕೆ ಬದಲಾಗಿ ನಿಗದಿತ ಗಂಟೆಗಳಷ್ಟು ಸಾರ್ವಜನಿಕರ ಪ್ರಶ್ನೆಗೆ ಉತ್ತರಿಸುತ್ತಾರೆ. ಷರತ್ತು ಒಂದೇ, ಸ್ವಂತ ಅನುಭವದ ಮದ್ದು ಹೇಳುವಂತಿಲ್ಲ. ಪರೀಕ್ಷೆಗೊಳಗಾದ ಶಿಫಾರಸು ಮಾತ್ರ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆದುಕೊಂಡು ತಜ್ಞರಿಗೆ ದಾಟಿಸಬೇಕು.

ನಗರದ ಮಣ್ಣಿನ ಪ್ರಶ್ನೆ ಬೇರೆ. ಅಲ್ಲಿ ರಂಜಕಕ್ಕಿಂತ ಸೀಸ ಮುಖ್ಯ. ಹಳೆಯ ಬಣ್ಣದ ಚಕ್ಕೆ ಮತ್ತು ಸೀಸ ಬೆರೆತ ಪೆಟ್ರೋಲಿನ ಹೊಗೆಯಿಂದ ಇಳಿದ ಸೀಸ ಮೇಲ್ಮಣ್ಣಿನಲ್ಲಿ ದಶಕಗಟ್ಟಲೆ ಕೂತಿರುತ್ತದೆ. ಮನೆಗೋಡೆಯ ಪಕ್ಕದ, ಸೂರಿನ ನೀರು ಬೀಳುವ ಜಾಗದ ಮಾದರಿಯನ್ನು ಅಂಗಳದ ನಡುವಿನ ಮಣ್ಣಿಗೆ ಬೆರೆಸಬಾರದು. ಸೀಸ ಹೆಚ್ಚಿರುವುದು ಅಲ್ಲೇ. ಅಮೆರಿಕದ ಪರಿಸರ ಸಂಸ್ಥೆ ವಸತಿ ಪ್ರದೇಶದ ಮಣ್ಣಿಗೆ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 400ರಿಂದ 200 ಪಿಪಿಎಂಗೆ (ಹತ್ತು ಲಕ್ಷ ಪಾಲು ಮಣ್ಣಿನಲ್ಲಿ ಇಷ್ಟು ಪಾಲು ಸೀಸ) ಇಳಿಸಿತು. ಗಿಡ ಸೀಸವನ್ನು ಹೀರಿಕೊಂಡು ಕಾಯಿಗೆ ತುಂಬುತ್ತದೆ ಎಂಬ ಭಯ ಎಲ್ಲರಿಗೂ ಇದೆ, ಆದರೆ ಹೆಚ್ಚಿನ ಅಪಾಯ ಬಾಯಿಗೆ ಹೋಗುವ ಧೂಳಿನದು, ಅದರಲ್ಲೂ ಮಕ್ಕಳಿಗೆ. ಆದ್ದರಿಂದ ಸಲಹೆ ಹೀಗಿರುತ್ತದೆ: ಬರಿ ನೆಲ ಬಿಡದೆ ಹೊದಿಕೆ ಹಾಕಿ, ಹೊರಗಿನ ಶುದ್ಧ ಮಣ್ಣು ತುಂಬಿದ ಎತ್ತರದ ಮಡಿಯಲ್ಲಿ ಬೆಳೆಯಿರಿ, ಸೊಪ್ಪು ಮತ್ತು ಗೆಡ್ಡೆಗಿಂತ ಕಾಯಿಯ ಬೆಳೆ ಆರಿಸಿ, ಮಣ್ಣಿನ ರಸಸಾರ (ಪಿಎಚ್) 6.5ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ, ಚಪ್ಪಲಿ ಹೊರಗೇ ಬಿಡಿ. ಬಾಡಿಗೆದಾರರಿಗೆ ಇದರಲ್ಲಿ ಅರ್ಧ ಮಾಡಲಾಗದು, ನೆಲ ಅವರದಲ್ಲ. ಅವರಿಗೆ ಕುಂಡದ ಕ್ರಮವನ್ನು ಬೇರೆಯಾಗಿಯೇ ಬರೆದುಕೊಡಬೇಕು.

ಅಡುಗೆಮನೆಯ ಕೆಲಸವೂ ವಿಸ್ತರಣೆಯದೇ. ಮನೆಯಲ್ಲಿ ತರಕಾರಿಯನ್ನು ಜಾಡಿಯಲ್ಲಿ ಮುಚ್ಚಿಡುವಾಗ ಬಾಟುಲಿಸಂ ಎಂಬ ಮಾರಕ ಆಹಾರವಿಷದ ರೋಗಾಣುವಿನ ಬೀಜಕಗಳು 100 ಡಿಗ್ರಿ ಕುದಿಯುವ ನೀರಿಗೆ ಸಾಯುವುದಿಲ್ಲ. ರಸಸಾರ 4.6ಕ್ಕಿಂತ ಹೆಚ್ಚಿರುವ ಪದಾರ್ಥಕ್ಕೆ ಒತ್ತಡದ ಪಾತ್ರೆಯಲ್ಲಿ ಸುಮಾರು 116 ಡಿಗ್ರಿ ಬೇಕೇಬೇಕು. ಟೊಮೆಟೊ ಸರಿಯಾಗಿ ಆ ಗಡಿಯ ಮೇಲೇ ಕೂತಿರುವುದರಿಂದ ಒಂದು ಲೀಟರಿನಷ್ಟು ಹಿಡಿಯುವ ಜಾಡಿಗೆ ಎರಡು ಟೇಬಲ್ ಚಮಚ ನಿಂಬೆರಸ ಸೇರಿಸಬೇಕು. ರಸ ಬಾಟಲಿಯದೇ ಆಗಿರಬೇಕು, ಏಕೆಂದರೆ ಹಣ್ಣಿನಿಂದ ಹಣ್ಣಿಗೆ ಹುಳಿ ಬದಲಾಗುತ್ತದೆ. ಎತ್ತರದ ಊರಿನಲ್ಲಿ ನೀರು ಕಡಿಮೆ ಉಷ್ಣಕ್ಕೇ ಕುದಿಯುವುದರಿಂದ 1,000 ಅಡಿಯ ಮೇಲೆ ಒತ್ತಡದ ಪಾತ್ರೆಗೆ 10 ಪೌಂಡಿನ ತೂಕದ ಬದಲು 15ರದ್ದು ಹಾಕಬೇಕು. ಮುಳ್ಳಿನ ಮಾಪಕವಿರುವ ಪಾತ್ರೆಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಇದನ್ನು ಅನೇಕ ವಿಸ್ತರಣಾ ಕಚೇರಿಗಳಲ್ಲೇ ಮಾಡಿಕೊಡುತ್ತಾರೆ.

ಕಡಿಮೆ ಆದಾಯದ ಕುಟುಂಬಗಳ ಪೋಷಣೆಗಾಗಿ ಅಮೆರಿಕದಲ್ಲಿ 1969ರಿಂದ ನಡೆಯುವ ಕಾರ್ಯಕ್ರಮದಲ್ಲಿ ಕಲಿಸುವವರು ಪದವೀಧರರೇ ಆಗಬೇಕೆಂದಿಲ್ಲ. ಅದೇ ನೆರೆಹೊರೆಯವರನ್ನು ತರಬೇತಿ ಕೊಟ್ಟು ನೇಮಿಸುತ್ತಾರೆ. ಶುರುವಿನಲ್ಲೂ ಕೊನೆಯಲ್ಲೂ "ಕಳೆದ 24 ಗಂಟೆಯಲ್ಲಿ ಏನೇನು ತಿಂದಿರಿ" ಎಂದು ಬರೆದುಕೊಂಡು ಹೋಲಿಸುತ್ತಾರೆ. ಎಷ್ಟು ಜನ ಬಂದರು ಎಂಬ ಹಾಜರಿ ಪುಸ್ತಕಕ್ಕಿಂತ ಇದು ಎಷ್ಟೋ ಮೇಲು. ವಿಸ್ತರಣೆಯ ಬಹುಪಾಲು ವರದಿಗಳು ಇನ್ನೂ ಹಾಜರಿಯಲ್ಲೇ ನಿಂತಿವೆ: ಇಷ್ಟು ಶಿಬಿರ, ಇಷ್ಟು ಫಲಾನುಭವಿಗಳು. ಆರು ತಿಂಗಳ ಮೇಲೆ ಅವರಲ್ಲಿ ಕೆಲವರ ಮನೆಗೆ ಹೋಗಿ ಏನು ಬದಲಾಯಿತು, ಏನನ್ನು ಮಾಡಿ ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳುವ ಕೆಲಸಕ್ಕೆ ಹಣವೂ ಇರುವುದಿಲ್ಲ, ನಮೂನೆಯಲ್ಲಿ ಅಂಕಣವೂ ಇರುವುದಿಲ್ಲ.

ಸತ್ತ ಗಿಡ ತರಬೇಡಿ

ಸಸ್ಯರೋಗ ಚಿಕಿತ್ಸಾಲಯಕ್ಕೆ ಹಳ್ಳಿಯವರೂ ಬರುತ್ತಾರೆ, ನಗರದವರೂ ಬರುತ್ತಾರೆ, ಇಬ್ಬರೂ ಮಾಡುವ ತಪ್ಪು ಒಂದೇ: ಪೂರ್ತಿ ಒಣಗಿದ ಗಿಡ ತರುವುದು. ಅದರಲ್ಲಿ ಸಿಗುವುದು ಸತ್ತ ಮೇಲೆ ಬಂದ ಬೂಷ್ಟು. ಬೇಕಾದದ್ದು ರೋಗ ಈಗಷ್ಟೇ ಹತ್ತುತ್ತಿರುವ ಗಿಡ, ಹಸಿರು ಭಾಗವೂ ಕೆಟ್ಟ ಭಾಗವೂ ಕೂಡುವ ಅಂಚು, ಕಿತ್ತದ್ದಲ್ಲದೆ ಅಗೆದು ತೆಗೆದ ಬೇರು. ಬೇರಿಗೆ ಮಣ್ಣು ಅಂಟಿಕೊಂಡೇ ಇರಲಿ, ಬೇರಿನ ಭಾಗವನ್ನು ಪ್ರತ್ಯೇಕ ಚೀಲದಲ್ಲಿ ಕಟ್ಟಿ. ಎಲೆಗೆ ನೀರು ಚಿಮುಕಿಸಬೇಡಿ, ದಾರಿಯಲ್ಲೇ ಕೊಳೆಯುತ್ತದೆ. ವಾರಾಂತ್ಯಕ್ಕೆ ಕಳಿಸಬೇಡಿ. ಜೊತೆಗೆ ಮೂರು ಮಾತು ಬರೆಯಿರಿ: ಹೊಲದಲ್ಲಿ ಅಲ್ಲಲ್ಲಿ ಬಂದಿದೆಯೋ ಸಾಲುಸಾಲಾಗಿಯೋ, ಯಾವಾಗ ಶುರುವಾಯಿತು, ಹಿಂದಿನ ಒಂದು ತಿಂಗಳಲ್ಲಿ ಏನೇನು ಸಿಂಪಡಿಸಿದ್ದೀರಿ. ಒಂದಕ್ಕೊಂದು ಸಂಬಂಧವಿಲ್ಲದ ಹಲವು ಜಾತಿಯ ಗಿಡಗಳು ಒಂದೇ ಸಲ ಒಂದೇ ರೀತಿ ಕೆಟ್ಟಿದ್ದರೆ ರೋಗಾಣುವಿಗಿಂತ ಮೊದಲು ಕಳೆನಾಶಕವನ್ನೋ ನೀರನ್ನೋ ಸಂಶಯಿಸಬೇಕು.

ಇಂಥ ಬಿಡಿಬಿಡಿ ದೂರುಗಳು ಕೂಡಿದಾಗಲೇ ಮರುದಾರಿ ಕೆಲಸ ಮಾಡುವುದು ಕಾಣುತ್ತದೆ. 2000ದ ಸುಮಾರಿಗೆ ವಾಷಿಂಗ್ಟನ್ ರಾಜ್ಯದಲ್ಲಿ ಕಾಂಪೋಸ್ಟ್ ಹಾಕಿದ ತೋಟಗಳ ಟೊಮೆಟೊ, ಅವರೆ ಜಾತಿಯ ಗಿಡಗಳ ಎಲೆ ಸುರುಟಿಕೊಳ್ಳತೊಡಗಿತು. ಹುಡುಕಿದಾಗ ಸಿಕ್ಕಿದ್ದು ಕ್ಲೋಪಿರಾಲಿಡ್ ಎಂಬ ಕಳೆನಾಶಕ. ಹುಲ್ಲಿಗೆ ಹೊಡೆದದ್ದು ಮೇವಿನಲ್ಲಿ, ಸಗಣಿಯಲ್ಲಿ, ಕತ್ತರಿಸಿದ ಹುಲ್ಲಿನಲ್ಲಿ ಉಳಿದು, ಕಾಂಪೋಸ್ಟ್ ರಾಶಿಯ ಬಿಸಿಗೂ ಕರಗದೆ ತೋಟಕ್ಕೆ ಬಂದಿತ್ತು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ವಂತ ಕಾಂಪೋಸ್ಟಿನಲ್ಲೂ ಅದು ಇತ್ತು. 2002ರಲ್ಲಿ ಆ ರಾಜ್ಯ ಹುಲ್ಲುಹಾಸಿನ ಮೇಲೆ ಅದರ ಬಳಕೆಗೆ ಕಡಿವಾಣ ಹಾಕಿತು.

ಇದೇ ಗುಂಪಿನ ಕಳೆನಾಶಕಗಳು ಇನ್ನೂ ಬಳಕೆಯಲ್ಲಿವೆ, ಪ್ರಯೋಗಾಲಯದ ಪರೀಕ್ಷೆ ದುಬಾರಿ. ಅದಕ್ಕೆ ವಿಸ್ತರಣಾ ಸೇವೆಗಳು ಹೇಳಿಕೊಡುವ ಮನೆಯ ಪರೀಕ್ಷೆ ಇದು. ರಾಶಿಯ ಹಲವು ಕಡೆಯಿಂದ ಕಾಂಪೋಸ್ಟ್ ತೆಗೆದು ಬೆರೆಸಿ, ಅಷ್ಟೇ ಪ್ರಮಾಣದ ಶುದ್ಧ ಕುಂಡಮಿಶ್ರಣಕ್ಕೆ ಸೇರಿಸಿ ಮೂರು ಕುಂಡ ತುಂಬಿ. ಇನ್ನು ಮೂರಕ್ಕೆ ಬರೀ ಕುಂಡಮಿಶ್ರಣ. ಪ್ರತಿಯೊಂದಕ್ಕೂ ಬೇರೆ ತಟ್ಟೆ ಇರಲಿ, ಒಂದರಿಂದ ಬಸಿದ ನೀರು ಇನ್ನೊಂದಕ್ಕೆ ತಾಗಬಾರದು. ಕುಂಡಕ್ಕೆ ಮೂರರಂತೆ ಬಟಾಣಿ ಅಥವಾ ಹುರುಳಿಕಾಯಿ ಬೀಜ ಹಾಕಿ ಎರಡು ಮೂರು ವಾರ, ಮೂರು ನಿಜ ಎಲೆ ಬರುವ ತನಕ ನೋಡಿ. ಕಾಂಪೋಸ್ಟಿನವು ಮಾತ್ರ ಬಟ್ಟಲಿನಂತೆ ಸುರುಟಿದರೆ ಆ ರಾಶಿಯನ್ನು ತರಕಾರಿ ಮಡಿಗೆ ಹಾಕಬೇಡಿ. ಆರೂ ಕುಂಡಗಳಲ್ಲಿ ಹಾಗಾದರೆ ತಪ್ಪು ನಿಮ್ಮ ಕುಂಡಮಿಶ್ರಣದಲ್ಲೋ ನೀರಿನಲ್ಲೋ ಇದೆ. ಮಿಶ್ರಣ ಬದಲಿಸಿ ಮತ್ತೆ ಮಾಡಿ, ಎರಡೂ ಸಲದ ಫಲಿತಾಂಶವನ್ನು ಕಾಂಪೋಸ್ಟ್ ಎಲ್ಲಿಂದ ಬಂತು ಎಂಬ ವಿವರದೊಂದಿಗೆ ಹತ್ತಿರದ ವಿಸ್ತರಣಾ ಕಚೇರಿಗೆ ಕೊಡಿ.